ಆ ಎರಡು ಗುಂಡುಗಳು ಯಾರಿಗೆ?

ಕಥೆ ಮುಗಿದ ಮೇಲೂ ‘ಆಮೇಲೇನಾಯಿತು?’ ಎಂದು ಕೇಳುವುದು ಮಕ್ಕಳ ಸ್ವಭಾವವೆಂದು ನಾವು ನಗುತ್ತೇವೆ. ದೊಡ್ಡವರೂ ಅದನ್ನೇ ಕೇಳುತ್ತಾರೆ. ಕೇಳುವ ಭಾಷೆ ಮಾತ್ರ ಸ್ವಲ್ಪ ಬಿಗಿಯಾಗಿರುತ್ತದೆ. ‘ಅಂತ್ಯ ಅಸ್ಪಷ್ಟವಾಗಿದೆ’, ‘ನಿರ್ದೇಶಕರು ಜಾರಿಕೊಂಡಿದ್ದಾರೆ’, ‘ಪ್ರೇಕ್ಷಕರ ವಿವೇಚನೆಗೆ ಬಿಟ್ಟಿದ್ದಾರೆ’ ಎಂಬ ಮಾತುಗಳೆಲ್ಲ ಆ ಬಾಲಪ್ರಶ್ನೆಯ ವಯಸ್ಕ ರೂಪಗಳೇ. 2001ರಲ್ಲಿ ಜಪಾನಿನ ಟಿವಿ ಟೋಕಿಯೊ ವಾಹಿನಿಯಲ್ಲಿ ಪ್ರಸಾರವಾದ ‘ನ್ವಾರ್’ ಎಂಬ ಅನಿಮೆ ಸರಣಿಯ ಕೊನೆಯ ಕೆಲವು ಕ್ಷಣಗಳ ಬಗ್ಗೆ ಅದನ್ನು ನೋಡಿದವರು ಇಂದಿಗೂ ಹೀಗೆಯೇ ಕೇಳುತ್ತಿದ್ದಾರೆ. ಕೂಲಿ ಪಡೆದು ಕೊಲ್ಲುವ ಇಬ್ಬರು ಹೆಣ್ಣುಮಕ್ಕಳ ಕಥೆ ಅದು. ಕೊನೆಯಲ್ಲಿ ಅವರು ಸತ್ತರೇ, ಬದುಕಿದರೇ ಎಂಬುದು ಮೇಲುನೋಟದ ಪ್ರಶ್ನೆ. ಅದರ ಕೆಳಗೆ ಇನ್ನಷ್ಟು ಕಠಿಣವಾದ ಪ್ರಶ್ನೆಯೊಂದಿದೆ ಎಂದು ನನಗೆ ಅನ್ನಿಸುವುದರಿಂದ ಈ ಬರಹ.

ಅನಿಮೆ ಎಂದೊಡನೆ ಮಕ್ಕಳ ವ್ಯಂಗ್ಯಚಿತ್ರವೆಂದು ಪುಟ ಮಗುಚುವ ಹಿರಿಯರಿಗೆ ಒಂದು ಮಾತು. ಜಪಾನಿನಲ್ಲಿ 1990ರ ದಶಕದ ಉತ್ತರಾರ್ಧದಿಂದ ವಯಸ್ಕರಿಗೆಂದೇ ತಡರಾತ್ರಿಯ ವೇಳೆಯಲ್ಲಿ ಪ್ರಸಾರವಾಗುವ ಅನಿಮೆಗಳ ಒಂದು ಪ್ರತ್ಯೇಕ ಧಾರೆಯೇ ಹುಟ್ಟಿಕೊಂಡಿತು. ‘ನ್ವಾರ್’ ಆ ಧಾರೆಗೆ ಸೇರಿದ್ದು. ನಿರ್ದೇಶಕರು ಕೋಇಚಿ ಮಾಶಿಮೊ. ತಯಾರಿಸಿದ್ದು ಅವರದೇ ಬೀ ಟ್ರೇನ್ ಸ್ಟುಡಿಯೊ. ಕಥೆ ಬರೆದ ರ್ಯೋಎ ತ್ಸುಕಿಮುರಾ ಮುಂದೆ ಪೊಲೀಸ್ ಕಾದಂಬರಿಗಳಿಂದ ಹೆಸರಾದರು. ಸಂಗೀತ ಯುಕಿ ಕಾಜಿಉರಾ ಅವರದು. ಒಟ್ಟು 26 ಕಂತುಗಳು, ಅಂದರೆ ವಾರಕ್ಕೊಂದರಂತೆ ಅರ್ಧ ವರ್ಷದ ಕಥೆ. ಇನ್ನೂ ನೋಡದೆ, ಮುಂದೆ ನೋಡಬೇಕೆಂದಿರುವವರು ಅಂತ್ಯವನ್ನು ಹೇಳುವ ಸಾಲುಗಳನ್ನು ಬಿಟ್ಟು ಓದಬಹುದು. ಆದರೆ ಹಾಗೆ ಬಿಡುತ್ತ ಹೋದರೆ ಈ ಲೇಖನದಲ್ಲಿ ಓದಲು ಹೆಚ್ಚೇನೂ ಉಳಿಯದು.

ಕಥೆಯ ತಿರುಳು ಇಷ್ಟು. ಮಿರೇಯ್ ಬುಕೆ ಕಾರ್ಸಿಕಾ ದ್ವೀಪದ ಮೂಲದವಳು, ಪ್ಯಾರಿಸ್‌ನಲ್ಲಿದ್ದುಕೊಂಡು ಕೊಲೆಯನ್ನೇ ವೃತ್ತಿ ಮಾಡಿಕೊಂಡವಳು. ಬಾಲ್ಯದಲ್ಲಿ ಆಕೆಯ ಇಡೀ ಕುಟುಂಬವನ್ನು ಯಾರೋ ಕೊಂದಿದ್ದಾರೆ. ಆ ದಿನ ಕೇಳಿದ, ಕಿಸೆಗಡಿಯಾರವೊಂದರಿಂದ ಹೊಮ್ಮುವ ರಾಗವೊಂದು ಮಾತ್ರ ಆಕೆಯ ನೆನಪಿನಲ್ಲಿ ಉಳಿದಿದೆ. ಅದೇ ರಾಗ ಜಪಾನಿನ ಶಾಲಾಬಾಲಕಿಯೊಬ್ಬಳಿಂದ ಬಂದ ಸಂದೇಶದಲ್ಲಿ ಮತ್ತೆ ಕೇಳಿಸುತ್ತದೆ. ಯೂಮುರಾ ಕಿರಿಕಾ ಎಂಬುದು ಆ ಹುಡುಗಿಯ ಹೆಸರು. ಅದೂ ಸುಳ್ಳು ಗುರುತಿನ ಚೀಟಿಯಲ್ಲಿರುವ ಹೆಸರು. ತಾನು ಯಾರೆಂಬುದು ಅವಳಿಗೆ ತಿಳಿಯದು. ತಿಳಿದಿರುವುದು ಎರಡೇ: ತನ್ನ ಬಳಿ ಆ ಗಡಿಯಾರವಿದೆ, ಮತ್ತು ಮನುಷ್ಯರನ್ನು ಕೊಲ್ಲುವುದು ತನಗೆ ಭಯಂಕರವಾಗುವಷ್ಟು ಸುಲಭ. ಇಬ್ಬರೂ ‘ನ್ವಾರ್’ ಎಂಬ ಹೆಸರಿನಲ್ಲಿ ಜೊತೆಯಾಗಿ ದುಡಿಯುತ್ತ ತಮ್ಮ ಗತವನ್ನು ಹುಡುಕಬೇಕೆಂದು ಒಪ್ಪಂದವಾಗುತ್ತದೆ. ಒಪ್ಪಂದಕ್ಕೆ ಒಂದು ಷರತ್ತಿದೆ. ಎಲ್ಲವೂ ತಿಳಿದ ದಿನ ಕಿರಿಕಾಳನ್ನು ತಾನು ಕೊಲ್ಲುವುದಾಗಿ ಮಿರೇಯ್ ಹೇಳುತ್ತಾಳೆ. ಕಿರಿಕಾ ಅದಕ್ಕೆ ಒಪ್ಪುತ್ತಾಳೆ.

ಮೊದಲ ಕಂತಿನಲ್ಲೇ ಬರುವ ಈ ಷರತ್ತನ್ನು ಮರೆತರೆ ಕೊನೆಯ ಕಂತು ಅರ್ಥವಾಗದು. ನೋಡುಗರು ಅದನ್ನು ಮರೆಯುವಂತೆ ಮಾಡುವುದಕ್ಕೆಂದೇ ನಡುವಿನ ಕಂತುಗಳಿವೆಯೇನೋ ಎನ್ನಿಸುತ್ತದೆ. ಪ್ಯಾರಿಸ್ಸಿನ ಮನೆ, ಬಿಲಿಯರ್ಡ್ಸ್ ಮೇಜನ್ನೇ ಬರೆಯುವ ಮೇಜಾಗಿ ಮಾಡಿಕೊಂಡ ಬದುಕು, ಇಬ್ಬರೂ ಜೊತೆಯಲ್ಲಿ ಕುಡಿಯುವ ಚಹಾ, ಹೆಚ್ಚು ಮಾತಿಲ್ಲದ ಸಂಜೆಗಳು. ಕೊಲೆಗಾರ್ತಿಯರ ಕಥೆಯಲ್ಲಿ ಇಷ್ಟೊಂದು ಮೌನ ಏಕೆಂದು ಬೇಸರಪಟ್ಟವರುಂಟು. ನನಗೂ ಮಧ್ಯದ ಕೆಲವು ಕಂತುಗಳು ಎಳೆದಂತೆಯೇ ಕಂಡವು. ಆದರೆ ಒಂದು ಷರತ್ತಿನಡಿ ಜೊತೆಗೂಡಿದವರು ಅಭ್ಯಾಸಬಲದಿಂದ ಕುಟುಂಬವಾಗುವ ಬಗೆಯನ್ನು ತೋರಿಸಲು ಆ ನಿಧಾನವೂ ಬೇಕಾಗಿತ್ತು.

ಗತವನ್ನು ಹುಡುಕುತ್ತ ಹೋದಂತೆ ‘ಲೇ ಸೋಲ್ದಾ’ ಎಂಬ ಗುಪ್ತ ಸಂಘಟನೆ ಎದುರಾಗುತ್ತದೆ. ಸಾವಿರ ವರ್ಷಗಳ ಹಿಂದೆ ದುರ್ಬಲರನ್ನು ಕಾಪಾಡಲೆಂದು ಹುಟ್ಟಿ, ಅನಂತರ ಅಧಿಕಾರದ ಕೂಪವಾದ ಸಂಘಟನೆ ಅದು. ಅದರೊಳಗಿನ ಆಲ್ತೆನಾ ಎಂಬಾಕೆ ಮೂಲ ಆದರ್ಶಕ್ಕೆ ಮರಳಬೇಕೆಂಬ ಹಟದಲ್ಲಿ ಪುಟ್ಟ ಹುಡುಗಿಯರನ್ನು ಆಯ್ದು ಕೊಲೆಯ ವಿದ್ಯೆ ಕಲಿಸಿದ್ದಾಳೆ. ಆಲ್ತೆನಾ ಕ್ರೂರಿಯಂತೆ ಮಾತನಾಡುವವಳಲ್ಲ, ತಾಯಿಯಂತೆ ಮಾತನಾಡುವವಳು. ಅವಳ ಬಾಲ್ಯವೂ ಯುದ್ಧದಲ್ಲಿ ನಲುಗಿದ್ದು. ಅವಳು ಬೆಳೆಸಿದ ಮಕ್ಕಳಲ್ಲಿ ಕ್ಲೋಯಿ ಒಬ್ಬಳು, ಕಿರಿಕಾ ಇನ್ನೊಬ್ಬಳು. ಮಿರೇಯ್‌ಳ ತಂದೆ, ತಾಯಿ, ಸೋದರರನ್ನು ಕೊಂದವಳು ಬೇರಾರೂ ಅಲ್ಲ, ಆಗಿನ್ನೂ ಬಂದೂಕಿನ ಭಾರ ತಾಳಲಾರದ ವಯಸ್ಸಿನ ಕಿರಿಕಾಳೇ. ಸಾಯುವ ಮುನ್ನ ಮಿರೇಯ್‌ಳ ತಾಯಿ, ಎದುರಿಗೆ ಬಂದೂಕು ಹಿಡಿದು ನಿಂತ ಆ ಮಗುವಿಗೇ ತನ್ನ ಮಗಳನ್ನು ನೋಡಿಕೊಳ್ಳುವಂತೆ ಹೇಳಿರುತ್ತಾಳೆ. ಈ ಒಂದು ವಿವರಕ್ಕಾಗಿಯೇ ನಾನು ತ್ಸುಕಿಮುರಾ ಅವರನ್ನು ದೊಡ್ಡ ಕಥೆಗಾರರ ಸಾಲಿಗೆ ಸೇರಿಸುತ್ತೇನೆ. ಕೊಲ್ಲುವ ಮಗುವಿನಲ್ಲಿ ಮಗುವನ್ನು ಕಂಡವಳು ಕೊಲೆಯಾಗುತ್ತಿರುವ ಆ ತಾಯಿಯೊಬ್ಬಳೇ.

ಸತ್ಯ ಹೊರಬಿದ್ದ ಮೇಲೆ ಷರತ್ತಿನ ಪ್ರಕಾರ ಕಿರಿಕಾ ಸಾಯಬೇಕು. ಮಿರೇಯ್ ಬಂದೂಕನ್ನು ಎತ್ತುತ್ತಾಳೆ, ಹಾರಿಸಲಾರದೆ ಹೋಗುತ್ತಾಳೆ. ಕೊನೆಯ ಕಂತು ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಗುಡ್ಡಗಾಡಿನಲ್ಲಿರುವ ಆಲ್ತೆನಾಳ ಮಠದಂಥ ನೆಲೆಯಲ್ಲಿ ನಡೆಯುತ್ತದೆ. ಅಷ್ಟರಲ್ಲಿ ಕ್ಲೋಯಿ ಕಿರಿಕಾಳ ಕೈಯಲ್ಲೇ ಸತ್ತಿದ್ದಾಳೆ. ಆಲ್ತೆನಾಳನ್ನು ತಳ್ಳಿಕೊಂಡು ತಾನೂ ಬೆಂಕಿಯ ಕಂದಕಕ್ಕೆ ಬೀಳುವ ಕಿರಿಕಾಳ ಕೈಯನ್ನು ಮಿರೇಯ್ ಹಿಡಿಯುತ್ತಾಳೆ. ಬಿಟ್ಟುಬಿಡು ಎಂಬಂತಿದೆ ಕಿರಿಕಾಳ ಮುಖ. ಮಿರೇಯ್ ಬಿಡುವುದಿಲ್ಲ. ಇಬ್ಬರೂ ಅಲ್ಲಿಂದ ಹೊರನಡೆಯುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಎರಡು ಗುಂಡುಗಳ ಸದ್ದು ಕೇಳಿಸುತ್ತದೆ. ಯಾರು ಹಾರಿಸಿದರು, ಯಾರಿಗೆ ತಗುಲಿತು ಎಂಬುದನ್ನು ತೆರೆ ತೋರಿಸುವುದಿಲ್ಲ.

ಈ ಸದ್ದಿಗೆ ಜನ ಹಚ್ಚಿರುವ ಅರ್ಥಗಳು ಮುಖ್ಯವಾಗಿ ಮೂರು. ಹೊರಗೆ ಕಾದಿದ್ದ ಸಂಘಟನೆಯವರು ಇಬ್ಬರನ್ನೂ ಕೊಂದರು ಎಂಬುದು ಒಂದು. ಮಿರೇಯ್ ತನ್ನ ಮಾತಿನಂತೆ ಕಿರಿಕಾಳನ್ನು ಕೊಂದು ತಾನೂ ಸತ್ತಳು ಎಂಬುದು ಎರಡನೆಯದು. ಅಡ್ಡ ಬಂದ ಶತ್ರುಗಳ ಮೇಲೆ ಇವರೇ ಒಂದೊಂದು ಗುಂಡು ಹಾರಿಸಿ ಮುಂದೆ ನಡೆದರು ಎಂಬುದು ಮೂರನೆಯದು. ಇವುಗಳ ಜೊತೆಗೆ, ಉತ್ತರಭಾಗದ ವ್ಯಾಪಾರಕ್ಕಾಗಿ ಬಾಗಿಲನ್ನು ಅರೆ ತೆರೆದಿಟ್ಟರು ಎಂಬ ಸಿನಿಕರ ವಾದವೂ ಇದೆ. ಅದನ್ನು ಇಲ್ಲಿಯೇ ಬದಿಗಿಡಬಹುದು: ಸ್ಟುಡಿಯೊ ‘ನ್ವಾರ್’ಗೆ ಉತ್ತರಭಾಗವನ್ನು ತೆಗೆಯಲೇ ಇಲ್ಲ.

ಅಂತ್ಯಗಳ ವಿಷಯದಲ್ಲಿ ಜಪಾನಿನ ಪ್ರೇಕ್ಷಕರು ಸುಮ್ಮನೆ ಕುಳಿತು ಒಪ್ಪಿಕೊಳ್ಳುವವರೇನೂ ಅಲ್ಲ. 1996ರ ಮಾರ್ಚಿನಲ್ಲಿ ಹಿದೆಆಕಿ ಅನ್ನೊ ಅವರ ‘ಇವಾಂಗೆಲಿಯನ್’ ಸರಣಿ ಮುಗಿದಾಗ ಕೊನೆಯ ಎರಡು ಕಂತುಗಳು ಹೊರಗಿನ ಕಥೆಯನ್ನು ಕೈಬಿಟ್ಟು ನಾಯಕನ ಮನಸ್ಸಿನೊಳಗೆ ಹೊಕ್ಕಿದ್ದಕ್ಕೆ ದೊಡ್ಡ ಗಲಾಟೆಯೇ ಎದ್ದಿತು. 1997ರಲ್ಲಿ ಅದೇ ಕಥೆಗೆ ಮತ್ತೊಂದು ಅಂತ್ಯವನ್ನು ಚಲನಚಿತ್ರವಾಗಿ ತೆಗೆಯಬೇಕಾಯಿತು. ಅದೂ ಒಗಟಾಗಿಯೇ ಇತ್ತು ಎಂಬುದು ಬೇರೆ ಮಾತು. ಆ ಗಲಾಟೆಯ ನೆನಪು ಹಸಿಯಾಗಿದ್ದ ಕಾಲದಲ್ಲಿ ಮಾಶಿಮೊ ತಮ್ಮ ಸರಣಿಯನ್ನು ಎರಡು ಸದ್ದುಗಳ ಮೇಲೆ ನಿಲ್ಲಿಸಿದರು. ಅದು ಅಜಾಗರೂಕತೆಯಿಂದ ಆದದ್ದೆಂದು ನಂಬುವುದು ಕಷ್ಟ.

ಅಷ್ಟೇ ಅಲ್ಲ, ಇಡೀ ಸರಣಿಯೇ ಈ ಸದ್ದಿಗೆ ನಮ್ಮನ್ನು ತಯಾರು ಮಾಡಿದೆ. ‘ನ್ವಾರ್’ ನೋಡಿದವರು ಮೊದಲು ಗಮನಿಸುವುದು ಅದರಲ್ಲಿ ರಕ್ತ ಕಾಣುವುದಿಲ್ಲ ಎಂಬುದನ್ನು. ಲೆಕ್ಕವಿಲ್ಲದಷ್ಟು ಜನ ಸಾಯುತ್ತಾರೆ. ಅಂಗಿಯ ಮೇಲೆ ಕಲೆಯೂ ಆಗುವುದಿಲ್ಲ. ಇದನ್ನು ಕೃತಕವೆಂದು ಹಳಿದವರಿದ್ದಾರೆ, ಆ ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಅದರ ಪರಿಣಾಮವೊಂದನ್ನು ನೋಡಿ. ರಕ್ತವಿಲ್ಲದ ಕಡೆ ಸಾವನ್ನು ಹೇಳಲು ಎರಡೇ ಗುರುತುಗಳು ಉಳಿಯುತ್ತವೆ: ಗುಂಡಿನ ಸದ್ದು ಮತ್ತು ಬೀಳುವ ದೇಹ. ಸದ್ದು ಕೇಳಿತು, ದೇಹ ಬಿತ್ತು, ವಾಕ್ಯ ಪೂರ್ಣವಾಯಿತು. ಇಪ್ಪತ್ತಾರು ಕಂತುಗಳ ಉದ್ದಕ್ಕೂ ನಾವು ಓದಲು ಕಲಿಯುವ ವ್ಯಾಕರಣ ಇದು. ಕೊನೆಯಲ್ಲಿ ಸರಣಿ ತನ್ನದೇ ವ್ಯಾಕರಣವನ್ನು ಮುರಿಯುತ್ತದೆ. ಸದ್ದು ಬರುತ್ತದೆ, ದೇಹ ಬರುವುದಿಲ್ಲ. ಕರ್ತೃವೂ ಇಲ್ಲದ, ಕರ್ಮವೂ ಇಲ್ಲದ, ಬರೀ ಕ್ರಿಯಾಪದ ಮಾತ್ರ ಇರುವ ವಾಕ್ಯದಂತೆ. ಅದನ್ನು ಪೂರ್ಣಗೊಳಿಸುವವರು ನಾವು, ಮತ್ತು ಪ್ರತಿಯೊಬ್ಬರೂ ತಮ್ಮ ಒಳಗಿರುವ ಕರ್ತೃವನ್ನೂ ಕರ್ಮವನ್ನೂ ಅಲ್ಲಿಗೆ ತಂದು ಕೂಡಿಸುತ್ತಾರೆ.

ನಮ್ಮ ಕಾವ್ಯಮೀಮಾಂಸೆ ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ವಾಚ್ಯಾರ್ಥದ ನಂತರ ಕ್ರಮವಾಗಿ ಹೊಳೆಯುವ ಧ್ವನಿಯನ್ನು ಘಂಟೆಯ ಅನುರಣನಕ್ಕೆ ಹೋಲಿಸಿದ. ಜಪಾನೀಯರೂ ಕೃತಿ ಮುಗಿದ ಮೇಲೆ ಉಳಿಯುವ ಗುಂಗಿಗೆ ‘ಯೊಇನ್’ ಎನ್ನುತ್ತಾರೆ. ಆ ಪದಕ್ಕೂ ಘಂಟೆ ಹೊಡೆದ ಮೇಲೆ ಉಳಿಯುವ ನಾದವೆಂಬ ಅರ್ಥವೇ ಇದೆ. ಘಂಟೆಯ ಸ್ಥಾನದಲ್ಲಿ ಬಂದೂಕು ಇರುವುದಷ್ಟೇ ಇಲ್ಲಿನ ವ್ಯತ್ಯಾಸ. ಆದರೆ ಆನಂದವರ್ಧನನ ಧ್ವನಿ ಯಾರು ಏನು ಬೇಕಾದರೂ ಅಂದುಕೊಳ್ಳಬಹುದಾದ ಸ್ವಚ್ಛಂದವಲ್ಲ. ವಾಚ್ಯಾರ್ಥದಲ್ಲಿ, ಸಂದರ್ಭದಲ್ಲಿ ಅದಕ್ಕೆ ಬೇರಿರಬೇಕು. ‘ಪ್ರೇಕ್ಷಕರಿಗೆ ಬಿಟ್ಟದ್ದು’ ಎಂದು ಕೈತೊಳೆದುಕೊಳ್ಳುವುದು ವಿಮರ್ಶೆಯ ಸೋಮಾರಿತನ. ಮೂರು ಅರ್ಥಗಳಲ್ಲಿ ಯಾವುದಕ್ಕೆ ಕಥೆಯೊಳಗೆ ಬೇರಿದೆ ಎಂದು ನೋಡಲೇಬೇಕು.

ಸಂಘಟನೆಯವರು ಕೊಂದರೆಂಬ ಮೊದಲ ಅರ್ಥ ನನಗೆ ದುರ್ಬಲವಾಗಿ ತೋರುತ್ತದೆ. ಅದು ಸಾಧ್ಯವಿಲ್ಲವೆಂದಲ್ಲ. ಆಲ್ತೆನಾ ಸತ್ತರೂ ಸೋಲ್ದಾ ಉಳಿದಿದೆ. ಅದರ ಕೈ ಉದ್ದವಾಗಿದೆ. ಆದರೆ ಹಾಗೆ ಓದಿದರೆ ಅಂತ್ಯ ಆಕಸ್ಮಿಕವಾಗಿಬಿಡುತ್ತದೆ. ದಾರಿಯಲ್ಲಿ ಹೋಗುತ್ತಿದ್ದವರ ಮೇಲೆ ಲಾರಿ ಹರಿದಂತೆ. ಇಪ್ಪತ್ತಾರು ಕಂತುಗಳಲ್ಲಿ ಕಟ್ಟಿದ ನೈತಿಕ ಪ್ರಶ್ನೆಗೂ ಆ ಸಾವಿಗೂ ಸಂಬಂಧವೇ ಉಳಿಯುವುದಿಲ್ಲ.

ಎರಡನೆಯ ಅರ್ಥ ಇದಕ್ಕಿಂತ ಆಕರ್ಷಕ, ಅದಕ್ಕೆ ಜಪಾನಿನಲ್ಲಿ ದೀರ್ಘ ಪರಂಪರೆಯ ಬೆಂಬಲವೂ ಇದೆ. ಜೊತೆಗೂಡಿ ಸಾಯುವ ‘ಶಿಂಜೂ’ ಅಲ್ಲಿನ ರಂಗಭೂಮಿಯ ಬಹುಮುಖ್ಯ ವಸು. 1703ರಲ್ಲಿ ಚಿಕಾಮತ್ಸು ಮೊನ್ಝಾಎಮೊನ್ ಒಸಾಕದ ಬೊಂಬೆಯಾಟಕ್ಕಾಗಿ ಬರೆದ ‘ಸೊನೆಝಾಕಿ ಶಿಂಜೂ’ ನಿಜವಾಗಿ ನಡೆದ ಜೋಡಿ ಆತ್ಮಹತ್ಯೆಯೊಂದನ್ನು ಆಧರಿಸಿತ್ತು. ಇಂಥ ನಾಟಕಗಳ ಪ್ರಭಾವಕ್ಕೆ ಹೆದರಿದ ಶೋಗನ್ ಆಡಳಿತ ಮುಂದೆ ಅವುಗಳನ್ನು ನಿಷೇಧಿಸಿತು. ಈ ಲೋಕದಲ್ಲಿ ಸಲ್ಲದ ಜೋಡಿಗೆ ಸಾವೇ ಮದುವೆಮಂಟಪ ಎಂಬ ಭಾವನೆ ಆ ಪರಂಪರೆಯದು. ಎರಡು ಗುಂಡಿನ ಸದ್ದು ಕೇಳಿದೊಡನೆ ಜಪಾನಿ ಪ್ರೇಕ್ಷಕರ ಮನಸ್ಸಿನಲ್ಲಿ ಇದು ಮಿಂಚಿದರೆ ಆಶ್ಚರ್ಯವಿಲ್ಲ. ಜೊತೆಗೆ ಮಿರೇಯ್ ಕೊಟ್ಟ ಮಾತೂ ಇದೆಯಲ್ಲ!

ಕಾನೂನು ಓದುತ್ತಿರುವ ನನ್ನ ತಂಗಿಯ ಮಗಳು ಈ ಪಕ್ಷದವಳು. ಅವಳೇ ನನಗೆ ಈ ಸರಣಿಯನ್ನು ತೋರಿಸಿದವಳಾದ್ದರಿಂದ ಅವಳ ವಾದಕ್ಕೆ ಸ್ವಲ್ಪ ಹೆಚ್ಚೇ ಬೆಲೆ ಕೊಡಬೇಕು. ‘ಮಾವ, ಅವರಿಬ್ಬರನ್ನು ಬದುಕಿಸಬೇಕು ಅಂತ ನಿಮಗೆ ಅನ್ನಿಸೋದು ಅವರ ಮುಖ ನೋಡಿ. ಅವರು ಕೊಂದ ಜನರಿಗೂ ಮನೆ ಇತ್ತು ತಾನೇ?’ ಎಂದಳು. ನ್ಯಾಯವಾದ ಪ್ರಶ್ನೆ. ಅನಿಮೆ ತನ್ನ ಕೊಲೆಗಾರ್ತಿಯರಿಗೆ ದೊಡ್ಡ ಕಣ್ಣುಗಳನ್ನೂ ಒಳ್ಳೆಯ ಸಂಗೀತವನ್ನೂ ಕೊಡುತ್ತದೆ. ಸತ್ತವರಿಗೆ ಮುಖವನ್ನೇ ಕೊಡುವುದಿಲ್ಲ. ಹಾಗಿರುವಾಗ ಎರಡು ಗುಂಡುಗಳಿಂದ ಲೆಕ್ಕ ಚುಕ್ತಾ ಆಯಿತೆಂದು ಬಯಸುವವರಲ್ಲಿ ಕ್ರೌರ್ಯವಿದೆ ಎನ್ನಲಾಗದು, ಅವರಿಗೆ ಸತ್ತವರ ನೆನಪಿದೆ.

ಅವಳೇ ಇನ್ನೊಂದು ಪ್ರಕರಣವನ್ನೂ ನೆನಪಿಸಿದಳು. ಉಗಾಂಡದ ಡೊಮಿನಿಕ್ ಓಂಗ್ವೆನ್ ಬಾಲಕನಾಗಿದ್ದಾಗ, ಸುಮಾರು ಒಂಬತ್ತರ ವಯಸ್ಸಿನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಅವನನ್ನು ಹೊತ್ತೊಯ್ಯಿತು. ಕೊಲ್ಲುವುದನ್ನು ಕಲಿತು ಬೆಳೆದ ಅವನು ಅದೇ ಪಡೆಯ ಕಮಾಂಡರನಾದ. ತಾನು ಯಾವುದಕ್ಕೆ ಬಲಿಯಾಗಿದ್ದನೋ ಅದನ್ನೇ ಬೇರೆ ಮಕ್ಕಳಿಗೆ ಮಾಡಿದ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಅವನನ್ನು 61 ಆರೋಪಗಳಲ್ಲಿ ತಪ್ಪಿತಸ್ಥನೆಂದು ಘೋಷಿಸಿ, ಮೇ ತಿಂಗಳಲ್ಲಿ 25 ವರ್ಷಗಳ ಸೆರೆವಾಸ ವಿಧಿಸಿತು. ಬಲಾತ್ಕಾರದಿಂದ ಮಾಡಿದ ಕೃತ್ಯ ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಕದ್ದೊಯ್ಯಲ್ಪಟ್ಟ ಬಾಲ್ಯವನ್ನು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಲೆಕ್ಕಕ್ಕೆ ತೆಗೆದುಕೊಂಡರು. ಇಲ್ಲವಾದರೆ ಅದು ಇನ್ನೂ ಹೆಚ್ಚಾಗುತ್ತಿತ್ತು. ಓಂಗ್ವೆನ್ ಹುಟ್ಟಿದ ಅಚೋಲಿ ಜನರಲ್ಲಿ ‘ಮಾತೊ ಒಪುಟ್’ ಎಂಬ ಪದ್ಧತಿಯಿದೆ. ಕೊಂದವನ ಕಡೆಯವರೂ ಸತ್ತವನ ಕಡೆಯವರೂ, ತಪ್ಪೊಪ್ಪಿಗೆ ಮತ್ತು ಪರಿಹಾರದ ನಂತರ, ಒಪುಟ್ ಮರದ ಬೇರಿನಿಂದ ಮಾಡಿದ ಕಹಿ ಪಾನೀಯವನ್ನು ಒಂದೇ ಬುರುಡೆಯಿಂದ ಕುಡಿಯುತ್ತಾರೆ. ಕೋರ್ಟು ಒಂದು ದಾರಿ, ಈ ಕಹಿಪಾನ ಇನ್ನೊಂದು ದಾರಿ. ಎರಡೂ ಮನುಷ್ಯರು ಕಂಡುಕೊಂಡವೇ.

ನಿಜಜೀವನದ ಈ ಪ್ರಕರಣವನ್ನು ಚಿತ್ರಕಥೆಯ ಪಕ್ಕದಲ್ಲಿಡುವುದಕ್ಕೆ ಸಂಕೋಚವಾಗುತ್ತದೆ. ಅಲ್ಲಿ ವಿಚಾರಣೆಯಲ್ಲಿ ಪಾಲ್ಗೊಂಡ ಸಂತ್ರಸ್ತರೇ ನಾಲ್ಕು ಸಾವಿರಕ್ಕೂ ಹೆಚ್ಚು. ಆದರೂ ಪ್ರಶ್ನೆ ಒಂದೇ. ಕೊಲ್ಲಲೆಂದೇ ಬೆಳೆಸಲ್ಪಟ್ಟ ಮಗು ದೊಡ್ಡದಾದ ಮೇಲೆ ಅದನ್ನು ಏನು ಮಾಡಬೇಕು? ಕ್ಷಮಿಸುವ ಹಕ್ಕು ಯಾರದು? ‘ನ್ವಾರ್’ ಇದಕ್ಕೆ ಉತ್ತರವನ್ನು ನ್ಯಾಯಾಲಯದಲ್ಲಿ ಹುಡುಕುವುದಿಲ್ಲ. ಎಲ್ಲವನ್ನೂ ಕಳೆದುಕೊಂಡ ಒಬ್ಬಳ ಕೈಗೆ ಅದನ್ನು ಒಪ್ಪಿಸುತ್ತದೆ. ಆದ್ದರಿಂದಲೇ ನಾನು ತಂಗಿಯ ಮಗಳ ಜೊತೆ ಒಪ್ಪಲಾರೆ. ಮಿರೇಯ್ ತನ್ನ ತೀರ್ಪನ್ನು ಆಗಲೇ ಕೊಟ್ಟಾಗಿದೆ, ಅದೂ ನಮ್ಮ ಕಣ್ಣೆದುರಿಗೇ. ಕೊಲ್ಲುವೆನೆಂದು ಮಾತು ಕೊಟ್ಟ ಕೈಗೆ ಸುಮ್ಮನೆ ಬೆರಳು ಸಡಿಲಿಸಿದ್ದರೂ ಸಾಕಾಗಿತ್ತು; ಕಂದಕದಲ್ಲಿ ಬೆಂಕಿ ಸಿದ್ಧವಾಗಿತ್ತು, ಸಾಯಬೇಕಾದವಳೂ ಸಿದ್ಧವಾಗಿದ್ದಳು. ಷರತ್ತು ನೆರವೇರುತ್ತಿತ್ತು, ಪಾಪವೂ ತಟ್ಟುತ್ತಿರಲಿಲ್ಲ. ಅಷ್ಟು ಸುಲಭವಾದ ಅವಕಾಶವನ್ನು ಬಿಟ್ಟವಳು ಐದು ನಿಮಿಷದ ಬಳಿಕ ಹೊರಗೆ ಬಂದು ಗುಂಡು ಹಾರಿಸುತ್ತಾಳೆಯೇ? ಹಾಗೆ ಮಾಡಿದರೆ ಕೈ ಹಿಡಿದ ದೃಶ್ಯವೇ ಸುಳ್ಳಾಗುತ್ತದೆ. ಕಥೆಗಾರನೊಬ್ಬ ಪ್ರೇಕ್ಷಕರನ್ನು ಬೆಚ್ಚಿಬೀಳಿಸಲು ಅಂಥ ಸುಳ್ಳನ್ನು ಹೇಳಬಹುದು. ತಾಯಿಯ ಆ ಕೊನೆಯ ಮಾತನ್ನು ಬರೆದ ಕಥೆಗಾರ ಹೇಳಲಾರ.

ಇನ್ನೊಂದು ಸಣ್ಣ ಸಾಕ್ಷ್ಯವಿದೆ. ಮೊದಲ ಕಂತಿನ ಹೆಸರಿನಲ್ಲಿ ‘ಕಪ್ಪು ಕೈಗಳ ಕನ್ಯೆಯರು’ ಎಂಬರ್ಥವಿದೆ. ಕೊನೆಯ ಕಂತಿನ ಹೆಸರು ‘ಜನನ’. ಕೈಗಳಿಂದ ಶುರುವಾದ ಕಥೆ ಕೈ ಹಿಡಿಯುವಲ್ಲಿ ಮುಗಿಯುತ್ತದೆ. ಸಾವಿನ ಕಂತಿಗೆ ಜನನವೆಂದು ವ್ಯಂಗ್ಯವಾಗಿ ಹೆಸರಿಟ್ಟಿರಬಹುದೆಂದು ಯಾರಾದರೂ ಹೇಳಬಹುದು; ಆದರೆ ಮಾಶಿಮೊ ಅವರ ಈ ಸರಣಿಯಲ್ಲಿ ಎಲ್ಲವೂ ಇದೆ, ವ್ಯಂಗ್ಯವೊಂದನ್ನು ಬಿಟ್ಟು.

ಹಾಗಾದರೆ ನಾನು ಮೂರನೆಯ ಅರ್ಥದ ಪಕ್ಷ. ಗುಂಡುಗಳು ಎರಡು, ಬಂದೂಕುಗಳು ಎರಡು, ಹಾರಿಸಿದವರು ಅವರಿಬ್ಬರು. ಆದರೆ ಇದನ್ನು ಸುಖಾಂತವೆಂದು ಕರೆಯುವವರ ಜೊತೆಗೂ ನನಗೆ ತಕರಾರಿದೆ. ಅವರು ಬದುಕಿದ್ದಾರೆ ಎಂಬುದಕ್ಕೆ ನಮಗೆ ಸಿಗುವ ಏಕೈಕ ಪುರಾವೆ ಅವರು ಮತ್ತೆ ಕೊಂದರು ಎಂಬುದೇ! ಮಠದ ಬಾಗಿಲು ದಾಟಿದ ಮರುಕ್ಷಣ, ಕ್ಷಮೆ ಪಡೆದ ಕೈ ಮತ್ತೆ ಬಂದೂಕನ್ನು ಹಿಡಿದಿದೆ. ಮಿರೇಯ್ ಕಿರಿಕಾಳನ್ನು ಕ್ಷಮಿಸಬಲ್ಲಳು. ಲೋಕವನ್ನು ಅವಳಿಗಾಗಿ ಬದಲಿಸಲಾರಳು. ಇಬ್ಬರೂ ಸತ್ತರೆಂದರೆ ಲೆಕ್ಕ ಮುಗಿಯುತ್ತದೆ, ಪ್ಯಾರಿಸ್ಸಿಗೆ ಹೋಗಿ ಸುಖವಾಗಿದ್ದರೆಂದರೆ ಮನಸ್ಸು ಹಗುರಾಗುತ್ತದೆ. ಆ ಸದ್ದು ಎರಡಕ್ಕೂ ಅವಕಾಶ ಕೊಡುವುದಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದ ಕೊನೆಯಲ್ಲಿ ದೂರ್ವಾಸಪುರದ ದಾರಿಯ ಗಾಡಿಯಲ್ಲಿ ಕುಳಿತ ಪ್ರಾಣೇಶಾಚಾರ್ಯರನ್ನು ನೆನಪಿಸಿಕೊಂಡರೆ ನಾನು ಹೇಳುತ್ತಿರುವುದು ಕನ್ನಡದ ಓದುಗರಿಗೆ ಸ್ಪಷ್ಟವಾದೀತು. ಅವರು ಊರಿಗೆ ತಲುಪಿ ಏನು ಹೇಳಿದರೆಂದು 1965ರಿಂದಲೂ ನಮಗೆ ತಿಳಿದಿಲ್ಲ. ಕಾದಂಬರಿ ಅಪೂರ್ಣವೆಂದು ಯಾರೂ ದೂರುವುದಿಲ್ಲ.

ಮಾಶಿಮೊ ಅವರೇ ಎಂಟು ವರ್ಷಗಳ ನಂತರ ಇದೇ ಪ್ರಶ್ನೆಗೆ ತಿರುಗಿ ಬಂದರು. 2009ರ ‘ಫ್ಯಾಂಟಮ್’ ಸರಣಿಯೂ ಬೀ ಟ್ರೇನ್‌ನದೇ, ಅದರಲ್ಲೂ 26 ಕಂತುಗಳು, ಅದರಲ್ಲೂ ನೆನಪು ಅಳಿಸಿ ಕೊಲೆಗಾರರನ್ನಾಗಿ ಮಾಡಲಾದ ಎಳೆಯರು. ಗೆನ್ ಉರೊಬುಚಿ ಅವರು 2000ದಲ್ಲಿ ಕಂಪ್ಯೂಟರ್ ಆಟವೊಂದಕ್ಕೆ ಬರೆದ ಕಥೆ ಅದಕ್ಕೆ ಆಧಾರ. ಅಪರಾಧಿ ಕೂಟದಿಂದ ಪಾರಾದ ರೇಜಿ ಮತ್ತು ಎಲೆನ್, ಅವಳ ಮೂಲವನ್ನು ಅರಸುತ್ತ ಮಂಗೋಲಿಯದ ಹುಲ್ಲುಗಾವಲನ್ನು ತಲುಪುತ್ತಾರೆ. ಮೂಲ ಆಟದಲ್ಲಿ ಎಲೆನ್‌ಳ ಕಥೆ ಆ ವಿಶಾಲ ಆಕಾಶದ ಕೆಳಗೆ ಶಾಂತವಾಗಿ ಮುಗಿಯುತ್ತದೆ. ಅನಿಮೆಯಲ್ಲಿ ಮಾತ್ರ ಕುದುರೆಗಾಡಿಯೊಂದು ಪಕ್ಕದಲ್ಲಿ ಹಾದುಹೋಗುತ್ತದೆ, ಅದರಲ್ಲಿದ್ದವನು ಸದ್ದಡಗಿಸಿದ ಬಂದೂಕಿನಿಂದ ರೇಜಿಗೆ ಗುಂಡು ಹಾರಿಸುತ್ತಾನೆ. ರೇಜಿ ಉರುಳುತ್ತಾನೆ. ಹುಲ್ಲಿನ ಮೇಲೆ ಮಲಗಿದ ಎಲೆನ್‌ಳ ಮುಖದಲ್ಲಿ ನಗು, ಕಣ್ಣು ಮುಚ್ಚಿದೆ. ಅವಳು ನಿದ್ರಿಸುತ್ತಿದ್ದಾಳೋ, ಸತ್ತಿದ್ದಾಳೋ, ತಾನೇ ಸಾವನ್ನು ತಂದುಕೊಂಡಳೋ ಎಂದು ಅಭಿಮಾನಿಗಳು ಹೂವು, ಹುಲ್ಲುಗಳನ್ನೆಲ್ಲ ಸಾಕ್ಷಿಗೆ ಕರೆದು ವಾದಿಸುತ್ತಾರೆ.

‘ನ್ವಾರ್’ನಲ್ಲಿ ಸದ್ದಿದೆ, ದೇಹವಿಲ್ಲ. ‘ಫ್ಯಾಂಟಮ್’ನಲ್ಲಿ ದೇಹವಿದೆ, ಸದ್ದಿಲ್ಲ. ಒಬ್ಬನೇ ನಿರ್ದೇಶಕ ಒಂದೇ ಪ್ರಶ್ನೆಯನ್ನು ಎರಡು ತುದಿಗಳಿಂದ ಹಿಡಿದು ನೋಡಿದಂತಿದೆ. ಎರಡನೆಯದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಾಡಿಯವನು ಯಾರೋ ಕಳಿಸಿದ ಯಾರೋ ಒಬ್ಬ. ಅವನಿಗೆ ಕಥೆಯಲ್ಲಿ ಹೆಸರಿಲ್ಲ, ರೇಜಿಗೂ ಅವನಿಗೂ ಋಣವಿಲ್ಲ. ಕೊಂದವನಿಗೆ ನೆಮ್ಮದಿ ಸಲ್ಲದು ಎಂಬ ತೀರ್ಪನ್ನು ಕೊಡಲೆಂದೇ ಅವನು ಬಂದಂತಿದೆ. ಆ ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಕೊಡುವ ಅರ್ಹತೆ ಆ ಗಾಡಿಯವನಿಗಿಲ್ಲ ಎನ್ನುತ್ತಿದ್ದೇನೆ. ತಂಗಿಯ ಮಗಳು ಇದನ್ನೂ ಒಪ್ಪಲಿಲ್ಲ. ಕೊಲೆಗಾರರ ಲೋಕದಲ್ಲಿ ಸಾವು ಹೀಗೇ, ಗುರುತಿಲ್ಲದವನ ಕೈಯಿಂದಲೇ ಬರುವುದು ಸಹಜ, ರೇಜಿಯ ಗುಂಡಿಗೆ ಸತ್ತವರಿಗೂ ಅವನು ಹಾಗೆಯೇ ಬಂದಿದ್ದನಲ್ಲ ಎಂದಳು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ಬೀ ಟ್ರೇನ್ 2004ರಲ್ಲಿ ‘ಮ್ಯಾಡ್ಲ್ಯಾಕ್ಸ್’, 2007ರಲ್ಲಿ ‘ಎಲ್ ಕಜಾಡೊರ್ ದೆ ಲಾ ಬ್ರೂಹಾ’ ಎಂಬ ಸರಣಿಗಳನ್ನು ತೆಗೆಯಿತು. ಅಲ್ಲಿಯೂ ಬಂದೂಕು ಹಿಡಿದ ಹುಡುಗಿಯರ ಜೋಡಿಗಳೇ. ‘ನ್ವಾರ್’ ಜೊತೆಗೆ ಸೇರಿಸಿ ಅವನ್ನು ಒಂದು ತ್ರಿವಳಿ ಎಂದು ಕರೆಯುವುದುಂಟು. ಬೇರೆ ಊರು, ಬೇರೆ ಹೆಸರು, ಬೇರೆ ಕಥೆ. ಮಿರೇಯ್ ಮತ್ತು ಕಿರಿಕಾ ಅವುಗಳಲ್ಲಿ ಎಲ್ಲಿಯೂ ಇಣುಕಿ ನೋಡುವುದಿಲ್ಲ. ಆ ಗುಂಡುಗಳ ಸದ್ದಿನ ಬಳಿಕ ಅವರನ್ನು ಸ್ಟುಡಿಯೊ ಹಾಗೆಯೇ ಬಿಟ್ಟಿದೆ, ಗುಡ್ಡಗಾಡಿನ ಆ ದಾರಿಯಲ್ಲಿ.